ಮರಳುಗಾಡಿನ ಪವಾಡವಂತೆ!

ಇಸ್ರೇಲಿನ ಕೃಷಿ ಎಂದರೆ ಸಾಕು, ನಮ್ಮವರ ಭಾಷಣಗಳಲ್ಲಿ 'ಮರಳುಗಾಡಿನಲ್ಲಿ ಬಂಗಾರ ಬೆಳೆದರು, ಅದು ಅವರ ರಕ್ತದಲ್ಲೇ ಇದೆ' ಎಂಬ ಪಲ್ಲವಿ ಶುರು. ರಕ್ತದಲ್ಲಿ ಏನಿತ್ತು ಮಾರಾಯ್ರೆ?

ಧಾರ್ಮಿಕ ಯಹೂದಿಗಳ ಕಿಬ್ಬುತ್ಸ್ ತಿರತ್ ತ್ಸ್ವಿಯನ್ನೇ ನೋಡಿ. ಕಿಬ್ಬುತ್ಸ್ ಎಂದರೆ ಆಗ ದುಡಿಮೆ, ಊಟ, ಆಸ್ತಿ ಎಲ್ಲ ಒಟ್ಟಿಗಿದ್ದ ಕೃಷಿ ಗ್ರಾಮ. ಊರಿಗೆ ಹೆಸರು ಬಂದದ್ದು ರಬ್ಬಿ ತ್ಸ್ವಿ ಹಿರ್ಷ್ ಕಾಲಿಷರ್ ಅವರಿಂದ. ಪ್ರಾರ್ಥಿಸುತ್ತ ಕಾಯುತ್ತ ಕೂತರೆ ಸಾಲದು, ಹೋಗಿ ನೆಲ ಉಳಬೇಕು ಎಂದು 1862ರಲ್ಲೇ ವಾದಿಸಿದವರು ಅವರು. 1937ರಲ್ಲಿ ಬೇಲಿ, ಕಾವಲು ಗೋಪುರ ನಿಲ್ಲಿಸಿ ಊರು ಕಟ್ಟಿದವರು ಜರ್ಮನಿ, ಪೋಲೆಂಡ್ ಕಡೆಯಿಂದ ಬಂದ ತರುಣ ತರುಣಿಯರು. ಇಂಥ ತರುಣರಿಗಾಗಿ ಜರ್ಮನಿಯ ಫುಲ್ಡಾ ಬಳಿ ರೋಡ್ಗೆಸ್ ಎಂಬ ತರಬೇತಿ ತೋಟವೇ ಇತ್ತು. ರಕ್ತದಲ್ಲಿದ್ದರೆ ತರಬೇತಿ ಯಾಕೆ ಬೇಕಿತ್ತು?

ಧರ್ಮವೂ ಕೆಲಸ ಸುಲಭ ಮಾಡಲಿಲ್ಲ. ಶನಿವಾರದ ಶಬ್ಬತ್‌ನಂದು ಹಾಲು ಕರೆಯುವಂತಿಲ್ಲ, ಕರೆಯದಿದ್ದರೆ ಹಸುವಿಗೆ ಯಾತನೆ. ಹಾಲನ್ನು ನೆಲಕ್ಕೆ ಹರಿಯಬಿಡುವುದು ಒಂದು ದಾರಿಯಾಯಿತು. ಯಂತ್ರ ಬಂದದ್ದು ಆಮೇಲೆ. ಕೆಚ್ಚಲು ಹಿಡಿದು ಕರೆದದ್ದನ್ನು ಕಣ್ಣೆದುರೇ ಮಣ್ಣುಪಾಲು ಮಾಡಲು ಎಷ್ಟು ಗಟ್ಟಿ ಮನಸ್ಸು ಬೇಕು, ಹಸು ಸಾಕಿದವರನ್ನು ಕೇಳಿ. ಹೊಗಳುವುದಾದರೆ ಇದನ್ನು ಹೊಗಳಿ.

ಇನ್ನು ಆ ಮರಳುಗಾಡು! ಬೇತ್ ಶೆಯಾನ್ ಕಣಿವೆ ಉರಿ ಸೆಕೆಯ ಜಾಗ ನಿಜ, ಆದರೆ ನೀರಿನ ಬುಗ್ಗೆಗಳಿರುವ ನೆಲ. ಖಾಲಿಯೂ ಇರಲಿಲ್ಲ. ಅಲ್ಲಿನ ಬೈಸಾನ್ ಪಟ್ಟಣದ ಅರಬರು 1948ರ ಯುದ್ಧದಲ್ಲಿ ಊರನ್ನೇ ಕಳೆದುಕೊಂಡರು. ಪವಾಡದ ಭಾಷಣದಲ್ಲಿ ಅವರ ಸುದ್ದಿ ಬಂದದ್ದು ನೀವು ಯಾರಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ.