ಮನೆ ಬಾಡಿಗೆಗಿದೆ, ಜಾತಿ ತಿಳಿಸಿ

ತುಮಕೂರಿನ ಹೊಸ ಬಡಾವಣೆಗಳಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕದ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆಸುವ ಗೃಹಸ್ಥರು, ಅದು ಅಡಿಗೆಮನೆಯ ಶುಚಿಯನ್ನು ಕುರಿತ ನಿರುಪದ್ರವಿ ನಿಯಮವೆಂದು ವಾದಿಸುವುದುಂಟು. ಆದರೆ ಕೋಳಿಯನ್ನೂ ಮೀನನ್ನೂ ಮುಟ್ಟದ ಪರಿಶಿಷ್ಟ ಜಾತಿಯ ಉಪಾಧ್ಯಾಯನೊಬ್ಬನು, ಹತ್ತು ತಿಂಗಳ ಮುಂಗಡವನ್ನು ಕೈಯಲ್ಲಿ ಹಿಡಿದು ಅದೇ ಬಾಗಿಲಲ್ಲಿ ನಿಂತಾಗಲೂ ‘ನೀವು ಯಾವ ಜನ?’ ಎಂಬ ಪ್ರಶ್ನೆಯೂ, ಉತ್ತರ ಕಿವಿಗೆ ಬಿದ್ದೊಡನೆ ‘ನೆನ್ನೆ ತಾನೆ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆವಲ್ಲ’ ಎಂಬ ವಿಷಾದವೂ ಹೊರಡುವುದಾದರೆ, ಆಹಾರದ ಮಾತು ಬರಿಯ ನೆಪವೆನ್ನದೆ ಗತ್ಯಂತರವಿಲ್ಲ.

1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಹೋದ ಅಂಬೇಡ್ಕರರು, ವಿದೇಶದ ಉಚ್ಚ ವಿದ್ಯೆಯನ್ನು ಸಂಪಾದಿಸಿ ಬಂದಿದ್ದರೂ ವಸತಿ ದೊರೆಯದೆ, ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ತಂಗುದಾಣವೊಂದರಲ್ಲಿ ಉಳಿದು, ಗುಟ್ಟು ಬಯಲಾದಾಗ ದೊಣ್ಣೆ ಹಿಡಿದು ಬಂದವರಿಂದ ಹೊರದೂಡಲ್ಪಟ್ಟರು. ದೊಣ್ಣೆ ಈಗ ಬೇಕಾಗಿಲ್ಲ, ನಾವು ಸಭ್ಯರಾಗಿದ್ದೇವೆ.

ಇದು ನಡೆಯುತ್ತಿರುವುದಾದರೂ ಎಂತಹ ಊರಿನಲ್ಲಿ! ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗೆಯಲ್ಲಿ, 2019ರ ಜನವರಿ 21ರಂದು ಶಿವೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರೆಂದು ಹೆಮ್ಮೆಪಡದ ತುಮಕೂರಿಗನಿಲ್ಲ. ಮಠದ ದಾಸೋಹವೂ ಸಸ್ಯಾಹಾರವೇ. ಆದರೆ ಪಂಕ್ತಿಯಲ್ಲಿ ಕುಳಿತ ಹುಡುಗನ ತಾಯಿ ತನ್ನ ಒಲೆಯ ಮೇಲೆ ಏನನ್ನು ಬೇಯಿಸುತ್ತಾಳೆಂದು ಅಲ್ಲಿ ವಿಚಾರಿಸಿದವರಿಲ್ಲ. ನಡುಮನೆಯಲ್ಲಿ ಆ ಯತಿಗಳ ಭಾವಚಿತ್ರಕ್ಕೆ ಹೂವೇರಿಸಿ, ಗೇಟಿನ ಬಳಿ ಜಾತಿ ಕೇಳುವವರ ಭಕ್ತಿಯನ್ನು ನಾನು ಅರಿಯಲಾರೆ.

‘ನನ್ನ ಮನೆ, ನನ್ನ ಇಷ್ಟ’ ಎಂಬ ವಾದವೊಂದಿದೆ. ತಾನಿರುವ ಮನೆಯದೇ ಒಂದು ಕೋಣೆಯನ್ನು, ಒಂದೇ ಅಂಗಳ, ಒಂದೇ ನಲ್ಲಿಯ ಹಂಚಿಕೆಯಲ್ಲಿ ಕೊಡುವ ವೃದ್ಧೆಗೆ ಆ ಮಾತು ಒಪ್ಪೀತು, ಇರಲಿ. ಬ್ಯಾಂಕಿನ ಸಾಲದಿಂದ ನಾಲ್ಕು ಅಂತಸ್ತು ಕಟ್ಟಿ, ಮಹಾನಗರಪಾಲಿಕೆಯ ನೀರು, ಚರಂಡಿ, ರಸ್ತೆಗಳನ್ನು ಉಪಯೋಗಿಸಿಕೊಂಡು, ಪ್ರತಿ ತಿಂಗಳೂ ಬಾಡಿಗೆಯೆಣಿಸುವವನು ಮಾಡುತ್ತಿರುವುದು ವ್ಯಾಪಾರ. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೋಟೆಲುಗಳ ಬಾಗಿಲಲ್ಲಿ ಜಾತಿ ಕೇಳಕೂಡದೆಂದ ಮೇಲೆ, ಒಂದು ರಾತ್ರಿಯ ಕೋಣೆಗಿಲ್ಲದ ಮಡಿ ಹನ್ನೊಂದು ತಿಂಗಳ ಕರಾರಿಗೆ ಎಲ್ಲಿಂದ ಬಂದಿತು?

ಕಾನೂನು ಇಲ್ಲವೆಂದಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೆಯ ಪ್ರಕರಣವು, ಅಸ್ಪೃಶ್ಯತೆಯ ಕಾರಣದಿಂದ ಯಾವುದೇ ಪ್ರದೇಶದಲ್ಲಿ ವಾಸದ ಮನೆಯನ್ನು ಹೊಂದಲು ಅಡ್ಡಿಪಡಿಸುವುದನ್ನು ಅಪರಾಧವೆಂದು ಗಣಿಸಿದೆ. ಆದರೆ ಜಾತಿಯೆಂಬ ಶಬ್ದವನ್ನೇ ಉಚ್ಚರಿಸದೆ ನಿರಾಕರಿಸುವವನ ವಿರುದ್ಧ ಸಾಕ್ಷ್ಯವನ್ನೊದಗಿಸುವವರಾರು? ಹೆಸರು ಹೇಳಿದ ಮಾತ್ರಕ್ಕೆ ಬಾಗಿಲು ಮುಚ್ಚಿಸಿಕೊಳ್ಳುವ ಮುಸಲ್ಮಾನ ಗೃಹಸ್ಥನಿಗಂತೂ ಈ ಅಧಿನಿಯಮದ ಆಸರೆಯೂ ಇಲ್ಲ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕುಣಿಗಲ್ಲಿನ ಅಂಚೇಪಾಳ್ಯದಲ್ಲಿಯೂ ಕೈಗಾರಿಕೆಗಳಿವೆ. ನಾನಾ ಪ್ರಾಂತಗಳಿಂದ ಬರುವ ಕೆಲಸಗಾರರನ್ನು ಸ್ವಾಗತಿಸಿ ಭಾಷಣ ಮಾಡುವ ನಮ್ಮ ಜನಪ್ರತಿನಿಧಿಗಳು, ಅವರು ರಾತ್ರಿ ಎಲ್ಲಿ ತಲೆಯಿಡಬೇಕೆಂಬುದನ್ನೂ ಯೋಚಿಸತಕ್ಕದ್ದು. ಬಾಡಿಗೆಗೆಂದೇ ಕಟ್ಟಿದ ಮನೆಯನ್ನು ಜಾತಿ, ಮತ, ಆಹಾರಗಳ ಕಾರಣದಿಂದ ನಿರಾಕರಿಸಕೂಡದೆಂಬ ಪ್ರಕರಣವೊಂದನ್ನು 1999ರ ಕರ್ನಾಟಕ ಬಾಡಿಗೆ ಅಧಿನಿಯಮಕ್ಕೆ ಸೇರಿಸುವ ಮಸೂದೆಯನ್ನು ಈ ಜಿಲ್ಲೆಯ ಶಾಸಕರೇ ವಿಧಾನಸಭೆಯ ಮುಂದಿಡಲಿ.