ಜೊಳ್ಳು ಮೆಣಸಿನ ಸತ್ವಕ್ಕೆ ಬೆಲೆಯಿಲ್ಲವೇ?

ಕಾಳುಮೆಣಸಿನ ಮಂಡಿಯಲ್ಲಿ ಮೊದಲು ನೋಡುವುದು ಲೀಟರ್ ತೂಕ. ಒಂದು ಲೀಟರ್ ಅಳತೆಗೆ 550 ಗ್ರಾಂ ತೂಗಿದರೆ ಒಳ್ಳೆಯ ಮಾಲು. ಬಹಳ ಕೆಳಗಿಳಿದರೆ ಜೊಳ್ಳು. ಬಲಿಯುವ ಮೊದಲೇ ಉದುರಿದ ಇಂಥ ಕಾಳಿಗೆ ಬೆಳೆಗಾರನು ವ್ಯಾಪಾರಿ ಹೇಳಿದ ದರಕ್ಕೇ ಒಪ್ಪಬೇಕು. ಆದರೆ ಸಾರ ತೆಗೆಯುವ ಕಾರ್ಖಾನೆಗಳು ಹುಡುಕಿಕೊಂಡು ಬರುವುದು ಇದನ್ನೇ. (ಹುಳು ಕೊರೆದು ಪೊಳ್ಳಾದ ಕಾಳಿನ ಮಾತಲ್ಲ ಇದು.) ಕಾಯಿ ಬಲಿತಂತೆ ಅದರಲ್ಲಿ ಪಿಷ್ಟ ತುಂಬಿ ತೂಕ ಏರುತ್ತದೆ, ಖಾರ ನೀಡುವ ಪೈಪರಿನ್ ಮತ್ತು ಪರಿಮಳದ ತೈಲ ಅದಕ್ಕೂ ಮೊದಲೇ ಸೇರಿರುತ್ತವೆ. ಹೀಗಾಗಿ ಎಳೆಯ ಹಗುರ ಕಾಳಿನಲ್ಲಿ ಸತ್ವದ ಪಾಲು ಹೆಚ್ಚು. ಮಂಡಿ ತೂಗುವುದು ಪಿಷ್ಟವನ್ನು, ಕಾರ್ಖಾನೆ ಮಾರುವುದು ಸತ್ವವನ್ನು.

ಪುಡಿ ಮಾಡಿದ ಮೆಣಸನ್ನು ಹೆಕ್ಸೇನ್, ಅಸಿಟೋನ್‌ನಂಥ ದ್ರಾವಕಗಳಲ್ಲಿ ತೊಳೆದು, ದ್ರಾವಕವನ್ನು ಆವಿಯಾಗಿಸಿದರೆ ಉಳಿಯುವುದು ಕಡುಹಸಿರಿನ ಮಂದ ರಾಳ, ಓಲಿಯೋರೆಸಿನ್. ಕ್ವಿಂಟಾಲಿಗೆ ಸುಮಾರು ಹತ್ತು ಕಿಲೋ ದೊರೆಯುತ್ತದೆ. ಇಟ್ಟಲ್ಲೇ ಅದರ ಪೈಪರಿನ್ ಹರಳುಗಟ್ಟಿ ತಳಕ್ಕಿಳಿಯುವುದರಿಂದ ತಿಂಡಿ ತಯಾರಿಸುವವರು ಅದನ್ನು ಹಾಗೆಯೇ ಅಳೆದು ಬೆರೆಸಲಾರರು. ಆದ್ದರಿಂದ ಅಡುಗೆ ಎಣ್ಣೆಯಲ್ಲಿ ತೆಳುಗೊಳಿಸುತ್ತಾರೆ. ಪೈಪರಿನ್ ಎಣ್ಣೆಯಲ್ಲಿ ಸುಲಭವಾಗಿ ಕರಗದ ಕಾರಣ ಬೆರಕೆಕಾರಕವನ್ನೂ ಸೇರಿಸುವುದುಂಟು. ಇದು ಅಗತ್ಯವಾದ ತಂತ್ರ, ಕಲಬೆರಕೆಯಲ್ಲ. ಎಣ್ಣೆಯನ್ನೇ ದೂರುವ ಪರಿಸರವಾದಿಗಳು ಗುರಿ ತಪ್ಪುತ್ತಿದ್ದಾರೆ.

ಲೆಕ್ಕವನ್ನು ನೋಡಬೇಕು. ಶೇ. 40 ಪೈಪರಿನ್ ಇರುವ ಒಂದು ಕಿಲೋ ರಾಳವನ್ನು ಶೇ. 5ಕ್ಕೆ ಇಳಿಸಲು ಏಳು ಕಿಲೋ ಎಣ್ಣೆ ಬೇಕು. ಎಂಟು ಕಿಲೋ ಡಬ್ಬಿಯಲ್ಲಿ ಏಳು ಕಿಲೋ ಎಣ್ಣೆಯೇ ಇದ್ದರೂ ಬೆಲೆ ನಿಗದಿಯಾಗುವುದು ಆ ಶೇ. 5ರ ಮೇಲೆ. ಅಲ್ಲಿ ತೂಕ ಯಾರಿಗೂ ಮುಖ್ಯವಲ್ಲ! ಅದೇ ಸತ್ವ ಬೆಳೆಗಾರನ ಚೀಲದಲ್ಲಿದ್ದಾಗ ಮಾತ್ರ ಅದನ್ನು ಅಳೆಯುವವರಿಲ್ಲ. ಮಲ್ಲಿಗೆಸರ, ಉದ್ದಗರೆ, ಕರಿಮುಂಡ ಎಲ್ಲವೂ ಒಂದೇ ರಾಶಿಗೆ ಬೀಳುತ್ತವೆ. ಹೆಚ್ಚು ಸತ್ವದ ಬಳ್ಳಿಯನ್ನು ಉಳಿಸಿಕೊಂಡವನಿಗೆ ಒಂದು ರೂಪಾಯಿಯೂ ಹೆಚ್ಚು ಸಿಗದಿದ್ದರೆ ಅವನು ಅದನ್ನು ಕಿತ್ತು, ತೂಕ ಕೊಡುವ ತಳಿಯನ್ನು ಹಬ್ಬಿಸುತ್ತಾನೆ. ಮಲೆನಾಡಿನ ತೋಟಗಳಿಂದ ನಾಟಿ ಬಳ್ಳಿಗಳು ಮರೆಯಾಗಲು ರೋಗವೊಂದೇ ಕಾರಣವಲ್ಲ.

ಚಿಕ್ಕ ಚಿಕ್ಕ ಚೀಲಗಳನ್ನೆಲ್ಲ ಪರೀಕ್ಷಿಸಲಾಗದು ಎಂಬ ಸಮಜಾಯಿಷಿ ಕೇಳಿಬರುತ್ತದೆ. ಆದರೆ ಇದೇ ಕರ್ನಾಟಕದ ಹಳ್ಳಿಗಳ ಹಾಲಿನ ಡೈರಿಗಳಲ್ಲಿ ಎರಡು ಲೀಟರ್ ತಂದವರ ಹಾಲಿಗೂ ಜಿಡ್ಡಿನಂಶ ನೋಡಿ ದರ ಕೊಡುವ ಪದ್ಧತಿ ದಶಕಗಳಿಂದಿದೆ. ಪೈಪರಿನ್ ಅಳೆಯಲು ಒಂದು ಚಮಚ ಪುಡಿ, ಸ್ವಲ್ಪ ಮದ್ಯಸಾರ, ಒಂದು ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಈ ಯಂತ್ರ ಜಿಲ್ಲೆಯ ವಿಜ್ಞಾನ ಕಾಲೇಜುಗಳಲ್ಲೂ ಇರುತ್ತದೆ. ಅಡಿಕೆಯ ಜೊತೆಗೆ ಮೆಣಸನ್ನೂ ಕೊಳ್ಳುವ ಸಹಕಾರ ಸಂಘಗಳು ಬರುವ ಕೊಯ್ಲಿನಲ್ಲಿ ಜೊಳ್ಳನ್ನು ತಳಿವಾರು ಬೇರ್ಪಡಿಸಿ, ರಾಶಿಗೊಂದು ಮಾದರಿ ಪರೀಕ್ಷಿಸಿ, ಆ ಅಂಕಿಯನ್ನು ಹರಾಜಿನ ಫಲಕದ ಮೇಲೆ ಬರೆಯಲಿ.