ಎಣ್ಣೆಯೊಳಗಿನ ಗೇರು

ಕಬ್ಬು ನುರಿಸುವ ಕಾಲದಲ್ಲಿ ಮುಧೋಳ ಸೀಮೆಯ ರಸ್ತೆಗಳು ಕಾರಿನವರ ಸೊತ್ತಲ್ಲ. ಅವು ಟ್ರ್ಯಾಕ್ಟರುಗಳ ಸೊತ್ತು. ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ತಿಮ್ಮಾಪುರದ ಸುತ್ತಿನಲ್ಲಿ, ಟ್ರೇಲರುಗಳನ್ನು ಬೆನ್ನಿಗೆ ಕಟ್ಟಿಕೊಂಡು ತೊನೆಯುತ್ತ ಸಾಗುವ ಕಬ್ಬಿನ ಸಾಲಿನ ಹಿಂದೆ ಸಿಕ್ಕಿಕೊಂಡವನು ಹತ್ತು ಮಾರು ಸರಿದು ನಿಲ್ಲಬೇಕು, ಮತ್ತೆ ಹತ್ತು ಮಾರು ಸರಿಯಬೇಕು. ಕ್ಲಚ್ಚಿನ ಮೇಲೆ ಏರಿಳಿದು ಎಡಗಾಲು ಸೋತುಹೋಗುತ್ತದೆ. ಇಂಥ ಊರುಗಳ ಮನೆಗಳಿಗೂ ಕ್ಲಚ್ ಪೆಡಲಿಲ್ಲದ ಕಾರು ಬಂದು ಸೇರಿದರೆ ಆಶ್ಚರ್ಯವೇನು?

ಕಾರಿನ ಜತೆಗೆ ಒಂದು ಪ್ರಶ್ನೆಯೂ ಮನೆಗೆ ಬರುತ್ತದೆ. ಎಂಜಿನ್ನಿನ ಎಣ್ಣೆಯನ್ನು ಅಂಗಳದಲ್ಲಿಯೇ ಬದಲಿಸಿ ರೂಢಿಯಾದ ಗೃಹಸ್ಥನು ಸ್ವಯಂಚಾಲಿತ ಗೇರುಪೆಟ್ಟಿಗೆಯ ಎಣ್ಣೆಯನ್ನೂ ಹಾಗೆಯೇ ಬದಲಿಸಬಹುದೆ? ಬದಲಿಸಬಹುದು. ಆದರೆ ಈ ಎಣ್ಣೆ ಆ ಎಣ್ಣೆಯಂಥದಲ್ಲ. ಎಂಜಿನ್ನಿನಲ್ಲಿ ಎಣ್ಣೆಯು ಯಂತ್ರದ ಸೇವಕ; ಇಲ್ಲಿ ಎಣ್ಣೆಯೇ ಯಂತ್ರದ ಒಂದು ಅಂಗ.

ಅದರ ಕ್ರಮ ಹೀಗೆ. ಎದುರುಬದುರಾಗಿ ಇಟ್ಟ ಎರಡು ಬೀಸಣಿಗೆಗಳಲ್ಲಿ ಒಂದನ್ನು ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದು ತಾನಾಗಿ ತಿರುಗುವುದಷ್ಟೆ? ಗಾಳಿಯ ಬದಲು ಎಣ್ಣೆಯನ್ನಿಟ್ಟು, ಎಂಜಿನ್ ಒಂದು ಚಕ್ರದಿಂದ ಎಣ್ಣೆಯನ್ನು ಎಸೆಯುವಂತೆಯೂ ಇನ್ನೊಂದು ಚಕ್ರ ಆ ರಭಸವನ್ನು ಹಿಡಿದು ಗಾಡಿಯನ್ನು ಎಳೆಯುವಂತೆಯೂ ಮಾಡಿದ ಏರ್ಪಾಡೇ ಟಾರ್ಕ್ ಕನ್ವರ್ಟರು. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದದ್ದು ಹಡಗುಗಳಿಗಾಗಿ. ರಸ್ತೆಯ ಗಾಡಿಗಳ ಮಟ್ಟಿಗೆ, ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯವರು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ತಂದ ಹೈಡ್ರಾ-ಮ್ಯಾಟಿಕ್ ಗೇರುಪೆಟ್ಟಿಗೆಯು ಎಣ್ಣೆಯ ಜೋಡಣೆಯನ್ನು ಮನೆಮಾತಾಗಿಸಿತು. ನಮ್ಮ ಬಿಡದಿಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾ ಗಾಡಿಗೂ 2016ರಲ್ಲಿ ಆರು ವೇಗಗಳ ಇಂಥ ಪೆಟ್ಟಿಗೆ ದೊರೆಯಿತು.

ಎಣ್ಣೆ ಎಸೆದಾಟದಲ್ಲಿ ಶಕ್ತಿಯ ಒಂದು ಪಾಲು ಶಾಖವಾಗಿ ಪೋಲಾಗುತ್ತದೆ. ಗಾಡಿ ಓಡುತ್ತಿರುವಾಗ ಪೋಲು ಕಡಿಮೆ. ನಿಂತು ನಿಂತು ತೆವಳುವಾಗ ಹೆಚ್ಚು. ಭೀಮನ ಗರ್ಜನೆಗೆ ಕೊಳದಲ್ಲಿ ಅಡಗಿದ್ದ ದುರ್ಯೋಧನನೂ ಬೆವೆತ ಸಂಗತಿಯನ್ನು ಬಣ್ಣಿಸಿದ ರನ್ನ ಇದೇ ಮುಧೋಳ ನಾಡಿನವನು. ಕಬ್ಬಿನ ಸಾಲಿನ ಹಿಂದೆ ತೆವಳುವ ಗೇರುಪೆಟ್ಟಿಗೆಯ ಪಾಡೂ ಹೆಚ್ಚು ಬೇರೆಯಲ್ಲ. ಎಣ್ಣೆಯಲ್ಲಿ ಮುಳುಗಿದ್ದೂ ಅದು ಕಾಯುತ್ತದೆ. ಕಾದು ಕಾದು ಎಣ್ಣೆಯ ಸತ್ವ ಕುಗ್ಗುತ್ತದೆ, ಬಣ್ಣ ಕಪ್ಪೇರುತ್ತದೆ, ಸುಟ್ಟ ವಾಸನೆ ಬರುತ್ತದೆ. ಇದು ಜೀವಮಾನದ ಎಣ್ಣೆ, ಬದಲಿಸುವುದೇ ಬೇಡ ಎಂದು ಮಾರುವವರು ಹೇಳುವುದುಂಟು. ಯಾರ ಜೀವಮಾನ ಎಂಬುದನ್ನು ಕೇಳಿ ತಿಳಿಯುವುದು ಒಳ್ಳೆಯದು. ಗೇರುಪೆಟ್ಟಿಗೆಗಳನ್ನೇ ತಯಾರಿಸುವ ಜರ್ಮನಿಯ ಜೆಡ್‌ಎಫ್ ಸಂಸ್ಥೆಯು ತನ್ನ ಪೆಟ್ಟಿಗೆಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರಿಗೊಮ್ಮೆ, ಇಲ್ಲವೆ 8 ವರ್ಷಕ್ಕೊಮ್ಮೆ ಬದಲಿಸಬೇಕೆನ್ನುತ್ತದೆ.

ಕೈಗೆ ಸ್ಪ್ಯಾನರು ತೆಗೆದುಕೊಳ್ಳುವ ಮೊದಲು ಮನೆಯ ಕಾರಿನಲ್ಲಿರುವುದು ಯಾವ ಜಾತಿಯ ಪೆಟ್ಟಿಗೆ ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು. ಕ್ಲಚ್ ಪೆಡಲಿಲ್ಲದ ಎಲ್ಲ ಕಾರುಗಳೂ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದಲ್ಲಿ ಬಳಕೆಗೆ ಬಂದ ಎಎಂಟಿ ಎಂಬುದು ಹಳೆಯ ಗೇರುಪೆಟ್ಟಿಗೆಯೇ. ಕ್ಲಚ್ಚನ್ನು ಒತ್ತುವ ಕೆಲಸವನ್ನು ಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಅದಕ್ಕೆ ಬೇಕಾದದ್ದು ಸಾಮಾನ್ಯ ಗೇರೆಣ್ಣೆ. ತೆವಳಾಟದಲ್ಲಿ ಅದರ ಕ್ಲಚ್ಚೇ ಸವೆಯುತ್ತದೆಯಾದ್ದರಿಂದ ಎಣ್ಣೆ ಬದಲಿಸಿ ಅದನ್ನು ಉಳಿಸಲಾಗದು. ಸಿವಿಟಿಯಲ್ಲಿ ಉಕ್ಕಿನ ಪಟ್ಟಿಯೊಂದು ಎರಡು ರಾಟೆಗಳ ನಡುವೆ ಓಡುತ್ತದೆ. ಆ ಪಟ್ಟಿ ಜಾರದಂತೆ ಹಿಡಿಯುವ ಗುಣ ಅದರದೇ ಎಣ್ಣೆಗೆ ಮಾತ್ರ ಉಂಟು. ಅಂಗಡಿಯವನು ಎಲ್ಲಕ್ಕೂ ಒಂದೇ ಎಂದು ಕೊಟ್ಟ ಕೆಂಪೆಣ್ಣೆಯನ್ನು ಇದಕ್ಕೆ ಸುರಿದರೆ, ಉಳಿಸಿದ ಕೆಲವು ನೂರು ರೂಪಾಯಿಗೆ ಇಡೀ ಪೆಟ್ಟಿಗೆಯನ್ನು ತೆತ್ತಂತಾಗುತ್ತದೆ.

ಕೆಲಸದಲ್ಲಿ ಮೊದಲು ಬಿಚ್ಚಬೇಕಾದದ್ದು ಎಣ್ಣೆ ಸುರಿಯುವ ಬಿರಡೆ, ಎಣ್ಣೆ ಇಳಿಸುವ ಬಿರಡೆಯಲ್ಲ. ವರ್ಷಗಟ್ಟಲೆ ಮುಟ್ಟದೆ ಬಿಗಿದುಕೊಂಡ ಮೇಲಿನ ಬಿರಡೆ ಕದಲದಿದ್ದಲ್ಲಿ, ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದವನ ಕಾರು ಅಂಗಳದಲ್ಲಿಯೇ ಕೂರುತ್ತದೆ.

ಇಳಿದ ಎಣ್ಣೆಯನ್ನು ಅಳೆಯಬೇಕು. ಅಡುಗೆಮನೆಯ ಅಳತೆಪಾತ್ರೆಯನ್ನು ಇದಕ್ಕೆ ಎತ್ತಿಕೊಂಡು ಹೋದವನು ಆಮೇಲೆ ಕೇಳಬೇಕಾಗುವ ಮಾತು ಬೇರೆ. ಹಳೆಯ ಡಬ್ಬಿಗಳಿದ್ದರೆ ಸಾಕು. ಎಷ್ಟು ಇಳಿಯಿತೋ ಅಷ್ಟನ್ನೇ ಮೊದಲು ಸುರಿಯಬೇಕು. ಕನ್ವರ್ಟರಿನೊಳಗಿನ ಎಣ್ಣೆ ಇಳಿಯುವುದಿಲ್ಲವಾದ್ದರಿಂದ ಸಿಕ್ಕುವುದು ಒಂದು ಪಾಲು ಮಾತ್ರ. ಒಟ್ಟು 8 ಲೀಟರಿನಲ್ಲಿ 4 ಲೀಟರು ಇಳಿಯಿತೆನ್ನೋಣ: ಒಮ್ಮೆ ಬದಲಿಸಿದರೆ ಅರ್ಧ ಹೊಸದು, ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸಿದರೆ ಮುಕ್ಕಾಲು ಹೊಸದು. ತಳದ ತಟ್ಟೆಯ ಆಯಸ್ಕಾಂತಕ್ಕೆ ಹತ್ತಿದ ಬೂದುಬಣ್ಣದ ನುಣ್ಣನೆಯ ಲೇಪ ಕಂಡು ಹೆದರಬೇಕಾಗಿಲ್ಲ. ಕಣ್ಣಿಗೆ ಕಾಣುವ ಲೋಹದ ಚೂರುಗಳಿದ್ದರೆ, ಇಲ್ಲವೆ ಗೇರು ಮೊದಲೇ ಜಾರುತ್ತಿದ್ದರೆ, ಹೊಸ ಎಣ್ಣೆಯಿಂದ ಅದು ಗುಣವಾಗದು. ಬಲ್ಲ ಕೆಲಸಗಾರನಿಗೆ ತೋರಿಸಬೇಕು.

ಮಟ್ಟ ನೋಡುವುದು ಈ ಕೆಲಸದ ತಿರುಳು. ಹೆಚ್ಚಿನವರು ಎಡವುವುದೂ ಇಲ್ಲಿಯೇ. ಮಹಾಲಿಂಗಪುರದ ಕಡೆ ಬೆಲ್ಲ ಕಾಯಿಸುವವನು ಕೊಪ್ಪರಿಗೆಯ ಕುದಿ ನೋಡಿಯೇ ಪಾಕ ಹೇಳುತ್ತಾನೆ. ಈ ಎಣ್ಣೆಯ ವಿಷಯದಲ್ಲಿ ಅಂಥ ಕಣ್ಣಳತೆ ಸಲ್ಲದು. ಹಲವು ಹೊಸ ಗಾಡಿಗಳಲ್ಲಿ ಮಟ್ಟ ನೋಡುವ ಕಡ್ಡಿಯೇ ಇಲ್ಲ. ಗಾಡಿ ಸಮತಟ್ಟಾಗಿ ನಿಂತು, ಎಂಜಿನ್ ನಡೆಯುತ್ತಿದ್ದು, ಎಣ್ಣೆ ಗೊತ್ತಾದ ಉಷ್ಣತೆಗೆ ಬಂದಾಗ ಮಟ್ಟದ ಬಿರಡೆಯನ್ನು ತೆಗೆಯಬೇಕು. ಹೆಚ್ಚಿನ ಎಣ್ಣೆ ಹೊರಹರಿದು ಸಣ್ಣ ಎಳೆಯಾಗಿ ತೊಟ್ಟಿಕ್ಕತೊಡಗಿದಾಗ ಬಿರಡೆ ಹಾಕಬೇಕು. ಕೆಲವು ಗಾಡಿಗಳಲ್ಲಿ ಈ ಉಷ್ಣತೆ 35ರಿಂದ 45 ಡಿಗ್ರಿ ಸೆಲ್ಸಿಯಸ್. ಬೇಸಗೆಯ ತಿಮ್ಮಾಪುರದಲ್ಲಿ ಮಧ್ಯಾಹ್ನದ ನೆರಳೇ 40 ಮುಟ್ಟುತ್ತದೆ! ಎಂಜಿನ್ ಶುರುಮಾಡಿದ ಕೆಲವೇ ನಿಮಿಷಗಳಲ್ಲಿ ಎಣ್ಣೆ ಆ ಗಡಿಯನ್ನು ದಾಟುತ್ತದೆ. ಕಾದ ಎಣ್ಣೆ ಹಿಗ್ಗಿರುತ್ತದಾಗಿ, ಬೇಕಾದದ್ದೂ ಹೊರಗೆ ಹರಿದುಹೋಗುತ್ತದೆ. ಸರಿಯಾಗಿ ಮಾಡಿದೆನೆಂಬ ನಂಬಿಕೆಯಲ್ಲಿಯೇ ಪೆಟ್ಟಿಗೆ ಕೊರತೆಯಲ್ಲಿ ಉಳಿಯುತ್ತದೆ. ಹಿಂದಿನ ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಗಿನ ಜಾವ, ಸೂರ್ಯ ಏರುವ ಮೊದಲು, ಈ ಕೆಲಸ ಮಾಡುವುದೇ ಈ ಸೀಮೆಗೆ ಸರಿ. ಉಷ್ಣತೆಯನ್ನು ತೋರಿಸುವ ಚಿಕ್ಕ ಉಪಕರಣವನ್ನು ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಅಂಕಿ ಓದಿಕೊಳ್ಳಬೇಕು. ಕೈಯಿಂದ ಮುಟ್ಟಿ ಹೇಳುವುದಲ್ಲ.

ಗಾಡಿ ಸಮತಟ್ಟಾಗಿರಬೇಕು, ಮನುಷ್ಯ ಕೆಳಗೂ ಇರಬೇಕು. ಮನೆಗೆಲಸದಲ್ಲಿ ಜೀವಕ್ಕೆ ಎರವಾಗುವುದು ಈ ಇಕ್ಕಟ್ಟೇ. ಜ್ಯಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಇಟ್ಟಿಗೆ, ಕಲ್ಲು ಪೇರಿಸಿ ಅದರ ಕೆಳಗೆ ತೂರಬಾರದು. ಮಳೆಗೆ ಮೆತ್ತಗಾಗುವ ಎರೆಮಣ್ಣಿನ ಅಂಗಳದಲ್ಲಂತೂ ಕಬ್ಬಿಣದ ನಿಲುಗಾಲುಗಳೂ ಹೂತುಹೋದಾವು. ಗಟ್ಟಿ ನೆಲ, ನಾಲ್ಕೂ ಕಡೆ ನಿಲುಗಾಲು ಇಲ್ಲದಿದ್ದರೆ ಗುಂಡಿಯಿರುವ ಗ್ಯಾರೇಜಿನಲ್ಲಿ ಅರ್ಧ ತಾಸಿನ ಜಾಗವನ್ನು ಬಾಡಿಗೆಗೆ ಕೇಳುವುದು ಲೇಸು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ನಡೆಸಿ ಕೆಳಗೆ ಮಲಗುವುದು ಇನ್ನೊಂದು ಅಪಾಯ. ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ. ಇಳಿಸಿದ ಹಳೆಯ ಎಣ್ಣೆಯನ್ನು ಹೊಲದ ಕಾಲುವೆಗೆ ಸುರಿಯದೆ, ಗ್ಯಾರೇಜಿನವರು ಹಳೆ ಎಣ್ಣೆ ಕೂಡಿಡುವ ಪೀಪಾಯಿಗೆ ಒಪ್ಪಿಸಬೇಕು.

ಇಷ್ಟೆಲ್ಲ ಜೋಪಾನ ಮಾಡಿದ ಪೆಟ್ಟಿಗೆಯನ್ನು ಒಂದು ಉಪಕಾರ ಕೆಡಿಸಿಬಿಡಬಹುದು. ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಈ ಸೀಮೆಯಲ್ಲಿ ಟ್ರ್ಯಾಕ್ಟರಿನವನು ಕರೆಯದೆಯೇ ಬಂದು ಹಗ್ಗ ಬಿಗಿಯುತ್ತಾನೆ. ಹಳೆಯ ಗೇರಿನ ಗಾಡಿಗೆ ಅದು ನೆರವೇ ಸರಿ. ಎಣ್ಣೆಯ ಪೆಟ್ಟಿಗೆಯ ಕಾರಿನಲ್ಲಿ ಎಣ್ಣೆಯನ್ನು ಸುತ್ತಿಸುವ ಪಂಪನ್ನು ನಡೆಸುವುದು ಎಂಜಿನ್. ಅದು ನಿಂತಿರುವಾಗ ಚಕ್ರಗಳು ತಿರುಗಿದರೆ ಒಳಗಿನ ಭಾಗಗಳು ಒಣಗಿ ಉಜ್ಜಾಡುತ್ತವೆ. ಉಪಕಾರಿಗೆ ಎರಡು ಒಳ್ಳೆಯ ಮಾತು ಹೇಳಿ ಹಗ್ಗ ಬಿಚ್ಚಿಸಬೇಕು. ಎಂಜಿನ್ ಎಳೆಯುವ ಚಕ್ರಗಳು ನೆಲಕ್ಕೆ ತಾಗದಂತೆ, ಸಾಧ್ಯವಾದರೆ ಇಡೀ ಕಾರನ್ನೇ ಲಾರಿಯ ಮೇಲೆ ಹೇರಿ, ಮುಧೋಳಕ್ಕೋ ಜಮಖಂಡಿಗೋ ಸಾಗಿಸಬೇಕು.